ಜೊಂಡಿನ ಗಂಟು

ಪುಟ್ಟಬಸವಯ್ಯ ಮೇಷ್ಟ್ರ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು. ದೀಪಾವಳಿ ಹೊತ್ತಿಗೆ ಪೂರ್ತಿ ಹೋಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ನಲವತ್ತು ವರ್ಷ ಕೆರೆ ಸುತ್ತಿದ ಮನುಷ್ಯ. ಹಕ್ಕಿ ನೋಡುವುದನ್ನು ಎಷ್ಟೋ ಜನಕ್ಕೆ ಕಲಿಸಿದವರು. ಆದರೂ ತಾವರೆ ಎಲೆಗಳ ಮೇಲೆ ಓಡಾಡುವ ದೇವನಕ್ಕಿ ಮೊಟ್ಟೆಗೆ ಕಾವು ಕೂತದ್ದನ್ನು ಮಾತ್ರ ಒಮ್ಮೆಯೂ ಹತ್ತಿರದಿಂದ ಕಂಡಿರಲಿಲ್ಲ.

ಹೇಗಾದರೂ ಮಾಡಿ ಅದನ್ನು ತೋರಿಸಲೇಬೇಕೆಂದು ಶಿಷ್ಯೆ ವೈಜಯಂತಿ ಹಟ ಹಿಡಿದಳು. ಒಂದು ಬೆಳಿಗ್ಗೆ, ಜೌಗಿನ ಮೇಲೆ ಹಾಸಿದ ಹಲಗೆ ದಾರಿಯಲ್ಲಿ ಅವರನ್ನು ಕೈಹಿಡಿದು ಕರೆತಂದಳು.

"ಇಲ್ಲೇ ನಿಂತ್ಕೊಳ್ಳಿ ಮೇಷ್ಟ್ರೇ. ಎದುರಿಗೇ ಇದೆ."

ತಾವರೆ ಎಲೆಗಳ ಮೇಲೆ ನಾಲ್ಕು ಮೊಟ್ಟೆ, ಜೊತೆಗೆ ಹಕ್ಕಿ. ಮೇಷ್ಟ್ರಿಗೆ ಕಂಡದ್ದು ಬರೀ ಹಸಿರು, ಬಿಳುಪು. ಅವಳು ಫೋಟೊ ತೆಗೆದು, ಕ್ಯಾಮೆರಾದ ಪರದೆಯಲ್ಲಿ ದೊಡ್ಡದು ಮಾಡಿ, ಅವರ ಕಣ್ಣಿಗೆ ತೀರಾ ಹತ್ತಿರ ಹಿಡಿದಳು.

ಮೇಷ್ಟ್ರ ಮುಖ ಅರಳಿತು. "ಅಯ್ಯೋ ನಮ್ಮಪ್ಪ! ಗಂಡು ಕಣಮ್ಮ ಇದು. ಈ ಜಾತೀಲಿ ಅಪ್ಪಂದಿರೇ ಕಾವು ಕೂರೋದು."

ಪರದೆಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು.

"ಕೂತಿಲ್ವಲ್ಲ, ಯಾಕೆ? ರೆಕ್ಕೆ ಬಿಚ್ಚಿ ನಿಂತಿದೆ."

"ಎಷ್ಟು ಚೆನ್ನಾಗಿ ನಿಂತಿದೆ ಅಲ್ವಾ ಮೇಷ್ಟ್ರೇ?"

"ಕೊಕ್ಕೂ ತೆರೆದಿದೆ. ಏದುಸಿರು ಬಿಡ್ತಿದೆ. ಬಿಸಿಲು ಬೀಳದ ಹಾಗೆ ಮೊಟ್ಟೆಗೆ ನೆರಳು ಹಿಡಿದಿದೆಯಮ್ಮ. ಇಲ್ಲಿ ಜೊಂಡು ಇತ್ತಲ್ಲ, ಎಲ್ಲಿ?"

ವೈಜಯಂತಿ ಕ್ಯಾಮೆರಾ ಕೆಳಗಿಳಿಸಿದಳು. "ಅಡ್ಡ ಬರುತ್ತೆ ಅಂತ ನಿನ್ನೆ ಸಂಜೆ ಪಕ್ಕಕ್ಕೆಳೆದು ದುಪಟ್ಟಾದಲ್ಲಿ ಕಟ್ಟಿದೆ. ನಿಮಗೆ ಕಾಣ್ಲಿ ಅಂತ."

ಮೇಷ್ಟ್ರು ಬೈಯಲಿಲ್ಲ. ಹಲಗೆಯ ಮೇಲೆ ಮಂಡಿಯೂರಿ ಗಂಟಿಗಾಗಿ ತಡಕಾಡತೊಡಗಿದರು. ಸಿಗಲಿಲ್ಲ. ಜೊಂಡಿನ ಅಲಗು ತಾಗಿ ಬೆರಳು ಕುಯ್ದುಹೋಯಿತು. ಆದರೂ ಕೈ ನಿಲ್ಲಿಸಲಿಲ್ಲ.

ಅವಳಿಗೆ ನೋಡಲಾಗಲಿಲ್ಲ. ಪಕ್ಕದಲ್ಲಿ ಕೂತು ತಾನೇ ಗಂಟು ಬಿಚ್ಚಿದಳು. ಜೊಂಡು ಒಂದೊಂದಾಗಿ ಎದ್ದು ನಿಂತಿತು. ಮೊಟ್ಟೆಯ ಮೇಲಿನ ಬಿಸಿಲು ಹೋಯಿತು, ಹಕ್ಕಿಯೂ ಮರೆಯಾಯಿತು.

"ಏಳು, ಹೋಗೋಣ. ನಾವಿಲ್ಲಿದ್ರೆ ಅದು ಕೂರಲ್ಲ."

ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಅವಳಿಗೆ ಅಳು ಬಂತು. "ಮುಂದಿನ ಸಲ ಈ ಹಕ್ಕಿಗಳು ಮೊಟ್ಟೆ ಇಡೋ ಹೊತ್ತಿಗೆ ನಿಮ್ಮ ಕಣ್ಣು... ಕಾವು ಕೂತಿದ್ದನ್ನ ನೀವು ನೋಡ್ಲೇ ಇಲ್ವಲ್ಲ ಮೇಷ್ಟ್ರೇ."

ಮೇಷ್ಟ್ರು ಅವಳ ಹೆಗಲ ಮೇಲೆ ಕೈಯಿಟ್ಟರು.

"ನಾನು ನೋಡದಿದ್ರೆ ಹೋಗ್ಲಿ ಬಿಡಮ್ಮ. ನಾವು ಹೋಗೋದನ್ನ ಅದು ನೋಡ್ಲಿ."