ಎಡಗೆನ್ನೆಯ ನೀಲಿ ಚುಕ್ಕೆ

"ಗುರುಗಳೇ, ನೂರರಲ್ಲಿ ಒಂದನ್ನು ಬಿಟ್ಟರೆ ಏನಾಗುತ್ತದೆ?"

ಕೇಳಿದವನು ಚರ್ಮದ ಕ್ಯಾನ್ಸರನ್ನು ಕೊಯ್ದು ತೆಗೆಯುವ ವಿದ್ಯೆಯನ್ನು ಆರು ವರ್ಷ ಕಲಿತ ಶಿಷ್ಯ. ಕಲಿಸಿದವರು ಆ ಗುರುಗಳೇ. ತಾನು ಚಿಕಿತ್ಸೆ ಮಾಡಿದ ನೂರು ರೋಗಿಗಳ ವಿವರವನ್ನು ಅವನು ಮರುದಿನ ವೈದ್ಯರ ಸಭೆಯಲ್ಲಿ ಓದಬೇಕಿತ್ತು. ತೊಂಬತ್ತೊಂಬತ್ತು ಮಂದಿ ಗುಣವಾಗಿದ್ದರು. ಒಬ್ಬಳಿಗೆ ಮಾತ್ರ, ಇವನ ಕೈತಪ್ಪಿನಿಂದ, ಕಾಯಿಲೆ ಮರಳಿತ್ತು. ಆ ಒಬ್ಬಳನ್ನು ಬಿಟ್ಟು ಓದೋಣ ಎಂದು ಅವನ ಮನಸ್ಸು.

ಗುರುಗಳು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು.

"ಹೆಮ್ಮೆ ಪಡಬೇಡ ಅಂತ ನಾನು ಹೇಳುವವನಲ್ಲ. ನಮ್ಮ ಕೆಲಸಕ್ಕೆ ಹೆಮ್ಮೆ ಪಡದಿದ್ದರೆ ಇನ್ಯಾವುದಕ್ಕೆ ಪಡುವುದು? ಕೂತುಕೋ, ಒಂದು ಕತೆ ಹೇಳುತ್ತೇನೆ" ಎಂದರು.

ಒಬ್ಬ ಶಸ್ತ್ರವೈದ್ಯನಿದ್ದ. ಅವನ ಹತ್ತಿರ ಒಬ್ಬ ಓಲಗದವನು ಬಂದ. ಕೆಳದುಟಿಯಲ್ಲಿ ಕ್ಯಾನ್ಸರ್. ಮೂವತ್ತು ವರ್ಷ ಮದುವೆಮನೆಗಳಲ್ಲಿ ಓಲಗ ಊದಿದ ತುಟಿ ಅದು. ಕಡಿಮೆ ಕೊಯ್ದರೆ ಪ್ರಾಣಕ್ಕೆ ಅಪಾಯ. ಹೆಚ್ಚು ಕೊಯ್ದರೆ ಓಲಗದ ತುದಿಯ ಪೀಪಿ ಹಿಡಿಯಲು ತುಟಿ ಇರುವುದಿಲ್ಲ, ಗಾಳಿ ಸೋರಿಹೋಗುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನಮ್ಮದು ದಿನಾ ಅದೇ ಕೆಲಸ.

ವೈದ್ಯನ ಪದ್ಧತಿ ನಿನಗೆ ಗೊತ್ತಿರುವುದೇ. ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ ಒಂದು ಪದರ ಕೊಯ್ಯುವುದು. ತನ್ನ ಎಡಗೈ ಕಡೆಯ ಅಂಚಿಗೆ ನೀಲಿ ಬಣ್ಣ, ಬಲಗೈ ಕಡೆಯ ಅಂಚಿಗೆ ಕೆಂಪು ಬಣ್ಣ ಹಚ್ಚಿ, ಕಾಗದದ ಮೇಲೂ ಹಾಗೇ ನಕ್ಷೆ ಬರೆಯುವುದು. ರೋಗಿ ಬ್ಯಾಂಡೇಜು ಕಟ್ಟಿಸಿಕೊಂಡು ಹೊರಗೆ ಕಾಯುತ್ತಿರುವಾಗ ತಾನೇ ಹೋಗಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಯಾವ ಅಂಚಿನಲ್ಲಿ ಕಾಯಿಲೆ ಕಂಡಿತೋ ಅಲ್ಲಿ ಮಾತ್ರ ಮತ್ತೊಂದು ಪದರ. ಅಂಚು ಶುದ್ಧವಾದ ಮೇಲೆ ಹೊಲಿಗೆ.

ಆ ದಿನ ಮೊದಲ ಪದರದಲ್ಲಿ ನೀಲಿ ಅಂಚಿಗೆ ಕಾಯಿಲೆ ಕಂಡಿತು. ವೈದ್ಯ ಬಂದು ರೋಗಿಯ ಎದುರು ನಿಂತ. ತನ್ನ ಎಡಗೈ ಕಡೆ ಎರಡನೆಯ ಪದರ ಕೊಯ್ದ. ನೋಡಿದ, ಅಂಚು ಶುದ್ಧ. ಹೊಲಿಗೆ ಹಾಕಿದ. ಎರಡೇ ಪದರದಲ್ಲಿ ಮುಗಿಸಿದನಲ್ಲ ಅಂತ ಇಡೀ ಆಸ್ಪತ್ರೆ ಹೊಗಳಿತು. ಅವನೂ ಬೀಗಿದ. ಮನುಷ್ಯ ತಾನೇ, ಬೀಗಬಾರದೇ?

ಅವನು ಸಂಶೋಧನೆಗಾಗಿ ಪ್ರತಿ ರೋಗಿಯ ನಕ್ಷೆಯನ್ನೂ ಫೋಟೋಗಳನ್ನೂ ಜೋಡಿಸಿಡುತ್ತಿದ್ದ. ಮರುದಿನ ಜೋಡಿಸುತ್ತ ಓಲಗದವನ ಎರಡು ಫೋಟೋಗಳನ್ನು ಅಕ್ಕಪಕ್ಕ ಇಟ್ಟ. ಮೊದಲನೆಯದರಲ್ಲಿ ವೈದ್ಯನ ಕೈಗಳು ರೋಗಿಯ ಹಣೆಯ ಕಡೆಯಿಂದ ಬಂದಿದ್ದವು. ಎರಡನೆಯದರಲ್ಲಿ ಎದೆಯ ಕಡೆಯಿಂದ ಬಂದಿದ್ದವು. ಬೆಳಕು ಸರಿಯಾಗಿ ಬೀಳಲಿ ಎಂದು ಮೊದಲ ಪದರವನ್ನು ತಲೆಯ ಹಿಂದೆ ಕೂತು ಕೊಯ್ದಿದ್ದ. ಎರಡನೆಯದಕ್ಕೆ ಎದುರು ನಿಂತಿದ್ದ. ನಿಂತ ಜಾಗ ಬದಲಾದಾಗ ಎಡವೂ ಬದಲಾಗಿತ್ತು. ಕಾಯಿಲೆ ರೋಗಿಯ ಎಡಗಡೆ ಇತ್ತು, ಇವನು ಬಲಗಡೆ ಕೊಯ್ದಿದ್ದ. ಅಂಚು ಶುದ್ಧವಾಗಿರದೆ ಇನ್ನೇನು? ಅದು ಆರೋಗ್ಯವಾಗಿದ್ದ ತುಟಿ.

ವೈದ್ಯ ಆ ಫೋಟೋಗಳನ್ನು ಆಸ್ಪತ್ರೆಯ ಹಿರಿಯರಿಗೆ ತೋರಿಸಿದ. ಹಿರಿಯರೊಬ್ಬರು, "ಕಾಯಿಲೆ ಮರಳಲು ವರ್ಷಗಳಾಗುತ್ತವೆ. ನೂರರಲ್ಲಿ ಒಂದೆರಡು ಮರಳುವುದು ಇದ್ದದ್ದೇ. ಯಾರಿಗೆ ಗೊತ್ತಾಗುತ್ತದೆ, ಸುಮ್ಮನಿರಪ್ಪ" ಎಂದರು. ಹಿರಿಯರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ವೈದ್ಯ ಅವತ್ತೇ ಬಸ್ಸು ಹತ್ತಿ ಓಲಗದವನ ಮನೆಗೆ ಹೋದ. ಜಗಲಿಯ ಮೇಲೆ ಕೂರಲೂ ಇಲ್ಲ.

"ತಪ್ಪು ನನ್ನದು. ಎಡಕ್ಕೆ ಕೊಯ್ಯಬೇಕಾದದ್ದನ್ನು ಬಲಕ್ಕೆ ಕೊಯ್ದೆ. ಚೆನ್ನಾಗಿದ್ದ ತುಟಿ ಹೋಯಿತು, ಕಾಯಿಲೆ ಉಳಿಯಿತು. ಮತ್ತೆ ಕೊಯ್ಯಲೇಬೇಕು. ನಿಮಗೆ ಯಾರ ಮೇಲೆ ನಂಬಿಕೆಯೋ ಅವರಿಂದ ಕೊಯ್ಯಿಸುತ್ತೇನೆ" ಎಂದ.

ಓಲಗದವನಿಗೆ ಸಿಟ್ಟು ಬಂತು. ಹೊಲಿಗೆ ಹಾಕಿದ ತುಟಿಯಲ್ಲಿ ಜೋರಾಗಿ ಬೈಯಲೂ ಆಗಲಿಲ್ಲ. ಗೋಡೆಗೆ ತೂಗುಹಾಕಿದ್ದ ಓಲಗವನ್ನು ಬಹಳ ಹೊತ್ತು ನೋಡಿದ. ಆಮೇಲೆ ಹೇಳಿದ: "ಎಲ್ಲಿ ತಪ್ಪಿತು ಅಂತ ಗೊತ್ತಿರೋದು ನಿಮಗೊಬ್ಬರಿಗೇ. ನೀವೇ ಕೊಯ್ಯಿರಿ."

ವೈದ್ಯ ಕೊಯ್ದ. ಕೊಯ್ಯುವ ಮೊದಲು ರೋಗಿಯ ಎಡಗೆನ್ನೆಯ ಮೇಲೆ ಒಂದು ನೀಲಿ ಚುಕ್ಕೆ ಇಟ್ಟ. ತಾನು ಎಲ್ಲಿ ನಿಂತರೂ ಕೂತರೂ ಚುಕ್ಕೆ ಇರುವುದೇ ಎಡ. ಈ ಸಲ ಕಾಯಿಲೆಯ ಒಂದು ಎಳೆಯೂ ಉಳಿಯಲಿಲ್ಲ. ತುಟಿ ಮಾತ್ರ ಸಣ್ಣದಾಯಿತು. ಓಲಗದವನು ಆರು ತಿಂಗಳು ಬರೀ ಗಾಳಿ ಊದಿದ. ಛಲ ಬಿಡದೆ ಸಣ್ಣ ತುಟಿಗೆ ಒಪ್ಪುವ ಸಣ್ಣ ಪೀಪಿಯನ್ನು ತಾನೇ ಮಾಡಿಕೊಂಡ.

ಆ ವರ್ಷದ ವೈದ್ಯರ ಸಭೆಯಲ್ಲಿ ವೈದ್ಯ ತನ್ನ ಇನ್ನೂರು ರೋಗಿಗಳ ವಿವರ ಓದಿದ. ಎಲ್ಲರಿಗಿಂತ ಮೊದಲು ಓದಿದ್ದು ಓಲಗದವನ ವಿವರ. ಎರಡು ಫೋಟೋಗಳನ್ನೂ ತೋರಿಸಿದ. ಕೆಲವರು ಮುಸಿಮುಸಿ ನಕ್ಕರು. ನಕ್ಕವರು ಊರಿಗೆ ಹೋಗಿ ತಮ್ಮ ತಮ್ಮ ಫೋಟೋಗಳನ್ನು ತೆಗೆದು ನೋಡಿಕೊಂಡರು. ಮರುವರ್ಷ ಅವರೂ ಚುಕ್ಕೆ ಇಡುತ್ತಿದ್ದರು.

ಎರಡು ವರ್ಷದ ಮೇಲೆ ಓಲಗದವನ ಮಗಳ ಮದುವೆ. ದಿಬ್ಬಣ ಎದುರುಗೊಳ್ಳಲು ಅಪ್ಪನೇ ಊದಿದ. ಊದಿ ಮುಗಿಸಿ, ಬೀಗರ ಮುಂದೆ ವೈದ್ಯನ ಕೈ ಹಿಡಿದು ನಿಲ್ಲಿಸಿದ. "ನನ್ನ ತುಟಿ ಕೊಯ್ಯುವಾಗ ತಪ್ಪಿದ ಡಾಕ್ಟರು ಇವರೇ. ಮನೆ ಬಾಗಿಲಿಗೆ ಬಂದು ಹೇಳಿದವರೂ ಇವರೇ" ಎಂದ. ಸ್ವಂತ ಅಣ್ಣನನ್ನು ತೋರಿಸುವಂತೆ ತೋರಿಸಿದ. ಆ ವೈದ್ಯನಿಗೆ ಆಮೇಲೆ ಎಷ್ಟೋ ಸನ್ಮಾನಗಳಾದವು. ಎದೆಯುಬ್ಬಿ ನಿಂತದ್ದು ಆ ಚಪ್ಪರದ ಕೆಳಗೆ ಮಾತ್ರ.

ಗುರುಗಳು ಕನ್ನಡಕ ಹಾಕಿಕೊಂಡರು.

"ನೀನೂ ದಿನಾ ಚುಕ್ಕೆ ಇಡುತ್ತೀಯಲ್ಲ, ರೋಗಿಗಳು ದೃಷ್ಟಿಬೊಟ್ಟು ಅಂತ ನಗುತ್ತಾರಲ್ಲ, ಅದು ಬಂದದ್ದು ಹೀಗೆ" ಎಂದರು.

ಶಿಷ್ಯ ತಲೆ ತಗ್ಗಿಸಿದ. ಆದರೂ ಮನಸ್ಸು ಪೂರ್ತಿ ಒಪ್ಪಲಿಲ್ಲ. "ನನ್ನದು ನೂರರಲ್ಲಿ ಒಂದೇ ಒಂದು ಅಲ್ಲವೇ, ಗುರುಗಳೇ?" ಎಂದ.

ಗುರುಗಳು ಅವನ ಮುಖ ನೋಡಿದರು.

"ಅಂಚಿನಲ್ಲಿ ಕಾಯಿಲೆಯ ಎಳೆ ಒಂದೇ ಒಂದು ಉಳಿದರೆ ಏನಾಗುತ್ತದೆ ಅಂತ ದಿನಾ ರೋಗಿಗಳಿಗೆ ಹೇಳುವವನು ನೀನೇ ಅಲ್ಲವೇನಪ್ಪಾ?"