ನೆಲ್ಲಿಕಾಯಿ ಭರಣಿಯ ಮೂರು ಒಗಟು

"ಕೇಳಿರಿ, ಕೇಳಿರಿ! ಅರಮನೆಯ ಉಪ್ಪುನೀರಿನ ನೆಲ್ಲಿಕಾಯಿ ಈ ವರ್ಷವೂ ಬೂಷ್ಟು ಹಿಡಿದಿದೆ. ಅಡುಗೆಯ ಸಂಕವ್ವನನ್ನು ಸೆರೆಗೆ ಹಾಕಲಾಗಿದೆ. ಕುಮಾರಿ ಮಲ್ಲಾಂಬಿಕೆಯ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರಿಗೆ ತಲೆದಂಡ!" ಎಂದು ಊರಲ್ಲಿ ಡಂಗುರ ಸಾರಿದರು.

ಬಿಜ್ಜರಸನಿಗೆ ನೆಲ್ಲಿಕಾಯಿ ಇಲ್ಲದೆ ಅನ್ನ ಇಳಿಯುತ್ತಿರಲಿಲ್ಲ. ಅದು ಯಾರಿಂದ ಕೆಡುತ್ತಿದೆಯೆಂದು ಮಗಳು ಮಲ್ಲಾಂಬಿಕೆ ಹೇಳಿ ಹೇಳಿ ಸೋತಿದ್ದಳು. ಅರಸ ಕಿವಿಗೆ ಹಾಕಿಕೊಳ್ಳಲಿಲ್ಲ. ಹೊರಗಿನವರ ಬಾಯಿಂದಲಾದರೂ ಕೇಳಲಿ ಎಂದು ಅವಳು ಈ ಒಗಟುಗಳನ್ನು ಹೂಡಿದ್ದಳು.

ಅರಸನ ಎದುರಿನಲ್ಲೇ ಸಭೆ ಕೂಡಿತು. ಮೊದಲು ಪಾಳೆಯಗಾರನ ಮಗ ಬಂದ.

"ಮುಳುಗಿದ್ದರೆ ಬಾಳುತ್ತದೆ, ತಲೆ ಎತ್ತಿದರೆ ಕೆಡುತ್ತದೆ. ಏನದು?" ಎಂದಳು ಮಲ್ಲಾಂಬಿಕೆ.

"ಮೀನು!"

"ಮೀನು ದಿನವಿಡೀ ತಲೆ ಎತ್ತುತ್ತದೆ. ಹೊಳೆ ನೋಡಿಲ್ಲವೇ ನೀವು?"

ಅವನನ್ನು ಕಟ್ಟಿ ಒಯ್ದರು. ಮುಂದೆ ಬಂದ ಆಸ್ಥಾನಕವಿ ಎದೆಯ ಮೇಲೆ ಕೈಯಿಟ್ಟು, "ನಿಮ್ಮ ಒಲವಿನಲ್ಲಿ ಮುಳುಗಿದ ಈ ನನ್ನ ಹೃದಯ" ಎಂದ. ಮಲ್ಲಾಂಬಿಕೆ ಹಣೆ ಚಚ್ಚಿಕೊಂಡಳು. "ಅಯ್ಯೋ, ಇವರನ್ನೂ ಕರೆದುಕೊಂಡು ಹೋಗಿ!"

ಆಮೇಲೆ ಸಂಕವ್ವನ ಮಗ ದುಗ್ಗ ಒದ್ದೆ ಪಂಚೆಯಲ್ಲೇ ಒಳಗೆ ಬಂದ. ಹೊಳೆಯಲ್ಲಿ ದೋಣಿ ನಡೆಸುವವನು. ಅವ್ವ ಸೆರೆಯಲ್ಲಿದ್ದಾಳೆಂದು ಕೇಳಿ ಸಿಟ್ಟಿನಲ್ಲಿ ಓಡಿಬಂದಿದ್ದ.

"ಉಪ್ಪುನೀರಿನ ನೆಲ್ಲಿಕಾಯಿ, ತಾಯಿ" ಎಂದು ಒಗಟು ಕೇಳಿದೊಡನೆ ಹೇಳಿದ. "ನೀರಿನ ಮೇಲೆ ತೇಲಿದರೆ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಮೇಲೊಂದು ಕಲ್ಲು ಹೇರುವುದು."

ಮಲ್ಲಾಂಬಿಕೆ ನೆಟ್ಟಗೆ ಕೂತಳು. "ಒಣಗಿ ಬಂದರೆ ನೆಂಟ, ನೆಂದು ಬಂದರೆ ಮನೆಹಾಳ. ಯಾರು?"

"ಸೌಟು. ಹಸಿ ಸೌಟು ಅದ್ದಿದರೆ ಭರಣಿಯೇ ಕೆಡುತ್ತದೆ."

"ಬೀಗ ಮುರಿಯದೆ ಒಳಗೆ ಬರುತ್ತಾನೆ. ಒಂದನ್ನು ಎತ್ತಿಕೊಳ್ಳುತ್ತಾನೆ, ಎಲ್ಲವನ್ನೂ ಕೆಡಿಸುತ್ತಾನೆ. ಅವನು ಯಾರು?"

ಅದನ್ನು ಅವ್ವ ಮನೆಯಲ್ಲಿ ಎಷ್ಟೋ ಸಲ ಗೊಣಗಿದ್ದಳು. ದುಗ್ಗನಿಗೆ ಉತ್ತರ ಗೊತ್ತಿತ್ತು. ಹೇಳಿದರೂ ತಲೆ ಹೋಗಬಹುದು, ಹೇಳದಿದ್ದರೂ ಹೋಗುತ್ತದೆ. ಅರಸನ ಮುಖ ನೋಡಿ ಅವನಿಗೆ ರೇಗಿಹೋಯಿತು.

"ತಾವೇ, ಬುದ್ಧಿ! ಉಗ್ರಾಣದ ಬೀಗದ ಕೈ ತಮ್ಮ ಸೊಂಟದಲ್ಲಿದೆ. ಊಟದ ನಡುವೆ ಎದ್ದು ಹೋಗಿ ಎಂಜಲು ಕೈಯನ್ನೇ ಭರಣಿಗೆ ಹಾಕುತ್ತೀರಿ. ತೆಗೆದ ಕಲ್ಲನ್ನು ಮತ್ತೆ ಇಡುವುದಿಲ್ಲ. ಬೈಗುಳ ಮಾತ್ರ ನಮ್ಮವ್ವನಿಗೆ!"

ಅರಸ ಕತ್ತಿಗೆ ಕೈ ಹಾಕಿದ.

"ಉತ್ತರ ಸರಿಯಾಗಿದೆ, ಅಪ್ಪಾಜಿ" ಎಂದಳು ಮಗಳು. "ನಂಬದಿದ್ದರೆ ನಿಮ್ಮ ಬೆರಳು ಮೂಸಿ ನೋಡಿ."

ಅರಸ ಮೂಸಿದ. ಉಪ್ಪುನೀರಿನ ನೆಲ್ಲಿಕಾಯಿಯ ವಾಸನೆ ಹೊಡೆಯಿತು. ಕತ್ತಿ ಬಿಟ್ಟು ಕೂತ. ದುಗ್ಗನಿಗೆ, "ಏನು ಬೇಕೋ ಕೇಳು" ಎಂದ.

"ನಮ್ಮವ್ವನನ್ನು ಬಿಡಿ ಬುದ್ಧಿ. ಆ ಇಬ್ಬರನ್ನೂ ಕೊಲ್ಲಬೇಡಿ."

ಅರಸ ಮೂವರನ್ನೂ ಬಿಡಿಸಿದ. ದುಗ್ಗನಿಗೆ ಹೊಸ ದೋಣಿ ಕೊಟ್ಟ. ಸಂಕವ್ವನನ್ನು ಮತ್ತೆ ಅಡುಗೆಗೆ ಕರೆದ.

"ಉಗ್ರಾಣದ ಬೀಗದ ಕೈ ನನ್ನ ಹತ್ರ ಇದ್ರೆ ಬರ್ತೀನಿ ಬುದ್ಧಿ, ಇಲ್ದಿದ್ರೆ ಇಲ್ಲ" ಎಂದಳು ಸಂಕವ್ವ.

ಅರಸ ಮಗಳ ಕಡೆ ನೋಡಿದ. ಅವಳು ಮುಖ ತಿರುಗಿಸಿಕೊಂಡಳು. ಅರಸ ಗೊಣಗುತ್ತಲೇ ಬೀಗದ ಕೈ ಬಿಚ್ಚಿಕೊಟ್ಟ. ಸಂಕವ್ವ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಹೊಸ ಕಾಯಿ ತರಲು ಮಗನನ್ನು ತೋಪಿಗೆ ಅಟ್ಟಿದಳು. ಅರಸ ಅಂದಿನ ಊಟವನ್ನು ಬರೀ ಸಾರಿನಲ್ಲೇ ಮುಗಿಸಿದ.