ಬಿಚ್ಚಿ ಕಟ್ಟುವ ವಿದ್ಯೆ

ನಮ್ಮೂರ ಬಡ ಹೆಣ್ಣುಮಕ್ಕಳ ವಸತಿ ಶಾಲೆಗೆ ಸರ್ಕಾರ ಹತ್ತು ಹೊಲಿಗೆ ಯಂತ್ರ ಕಳಿಸಿತ್ತು, ಮಕ್ಕಳು ಕಸುಬು ಕಲಿಯಲಿ ಅಂತ. ಕಲಿಸುವ ಟೀಚರನ್ನು ಮಾತ್ರ ಕಳಿಸಲಿಲ್ಲ. ಮೂರು ವರ್ಷದಿಂದ ಯಂತ್ರಗಳು ರಟ್ಟಿನ ಪೆಟ್ಟಿಗೆಯಲ್ಲೇ ಇದ್ದವು.

ಯೋಜನೆ ಹೇಗೆ ನಡೆದಿದೆ ನೋಡಲು ಇಲಾಖೆಯ ಸಾಹೇಬರೊಬ್ಬರು ಬಂದರು. "ಮೂರು ವರ್ಷದಾಗ ಹುಡುಗ್ಯಾರು ಏನು ಕಲಿತಾರ, ಈಗಿಂದೀಗ ತೋರಿಸ್ರಿ. ಇಲ್ಲಾಂದ್ರ ಒಬ್ಬರ ನೌಕರಿ ಹೋಗ್ತದ" ಅಂದರು.

ಹೆಡ್‌ಮಾಸ್ತರರು ಜವಾನನ ಕಡೆ ಕೈ ತೋರಿಸಿದರು. "ಕೋಣೆ ಕೀಲಿ ಇವನ ಹತ್ರ ಇರ್ತದ್ರಿ."

ಜವಾನ ಕೋಣೆ ತೆರೆದು, ಒಂಬತ್ತನೇ ಕ್ಲಾಸಿನ ಹತ್ತು ಹುಡುಗಿಯರನ್ನು ಕರೆದು, ಚಪ್ಪಾಳೆ ತಟ್ಟಿದ.

ಹುಡುಗಿಯರು ಸರಸರ ಪೆಟ್ಟಿಗೆ ಬಿಚ್ಚಿದರು. ಯಂತ್ರಗಳನ್ನು ಸಾಲಾಗಿ ಇಟ್ಟರು. ಚಕ್ರದ ಮೇಲೆ ಕೈಯಿಟ್ಟು, ಬೆನ್ನು ನೆಟ್ಟಗೆ ಮಾಡಿ, ಫೋಟೋಕ್ಕೆ ನಗುವ ಹಾಗೆ ನಕ್ಕರು. ಒಂದು ಸೂಜಿಯಲ್ಲೂ ದಾರ ಇರಲಿಲ್ಲ.

ಇನ್ನೊಂದು ಚಪ್ಪಾಳೆ. ನಗು ನಿಂತಿತು. ಯಂತ್ರಗಳು ಮತ್ತೆ ಪೆಟ್ಟಿಗೆ ಸೇರಿದವು. ಥರ್ಮಾಕೋಲಿನ ಒಂದು ಚೂರೂ ಮುರಿಯಲಿಲ್ಲ.

"ಏನೋ ಇದು?" ಸಾಹೇಬರ ಮುಖ ಕೆಂಪಾಯಿತು.

"ಕಲಿತದ್ದು ತೋರಿಸ್ರಿ ಅಂದ್ರಲ್ರೀ, ಸಾಹೇಬ್ರ. ನಿಮ್ಮಂಗ ನೋಡಾಕ ಬಂದವರೆಲ್ಲ ಇದನ್ನ ಕಲಿಸಿ ಹೋಗ್ಯಾರ್ರಿ."

ಸಾಹೇಬರು ತಲೆ ತಗ್ಗಿಸಿದರು. ಮಾತು ನಾಟಿತು ಅಂದುಕೊಂಡ ಜವಾನ. ಆಗ ಅವರು ಜೇಬಿನಿಂದ ಮೊಬೈಲ್ ತೆಗೆದು ಮೆಲ್ಲಗೆ ಅಂದರು: "ಫೋಟೋ ತೆಗೆಯೋದು ಮರತೇ ಬಿಟ್ಟೆ ನೋಡು. ಇನ್ನೊಮ್ಮೆ..."

ಅವರ ಮಾತು ಮುಗಿಯುವ ಮೊದಲೇ ಹುಡುಗಿಯರು ಪೆಟ್ಟಿಗೆ ಬಿಚ್ಚತೊಡಗಿದ್ದರು.